ಮೊಲದ ಉಗುರು ಕತ್ತರಿಸೋ ಮುಂಚೆ ಅದಕ್ಕೆ ನಿಮ್ಮ ಕೈ ಅಭ್ಯಾಸ ಆಗ್ಲಿ

ಮೊಲ ಸಾಕಿದೋರು ಯಾರೇ ಸಿಕ್ಲಿ, ಮಾತು ಸುತ್ತಿ ಬಳಸಿ ಉಗುರಿನ ಹತ್ರ ಬಂದೇ ಬರತ್ತೆ. ಹೇಗೆ ಹಿಡ್ಕೋತೀರ, ನಮ್ದು ಮುಟ್ಟೋಕೇ ಬಿಡಲ್ಲ, ಒದಿಯತ್ತೆ, ಪರಚತ್ತೆ, ಮಂಚದ ಕೆಳಗೆ ಸೇರ್ಕೊಂಡ್ರೆ ಅರ್ಧ ದಿನ ಆಚೆ ಬರಲ್ಲ, ನೀವೇನ್ ಮಾಡ್ತೀರ ಅಂತ. ನಾನು ಹೇಳೋದು ಯಾವಾಗ್ಲೂ ಒಂದೇ, ಉಗುರು ಕತ್ತರಿಸೋ ದಿನ ಕೂತು ಮೊಲಕ್ಕೆ ಏನೂ ಕಲಿಸೋಕೆ ಆಗಲ್ಲ, ಕಲಿಸೋದೆಲ್ಲ ಉಗುರು ಕತ್ತರಿಸದೇ ಇರೋ ದಿನಗಳಲ್ಲೇ ಆಗ್ಬೇಕು. ಹೆಚ್ಚಿನೋರು ಮೊಲನ ಎತ್ಕೊಳ್ಳೋದೇ ಏನಾದ್ರೂ ಕೆಲಸ ಇದ್ದಾಗ. ಗೂಡಿಗೆ ಹಾಕೋಕೆ, ಔಷಧಿ ಕುಡಿಸೋಕೆ, ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಕೆ, ಉಗುರು ಕತ್ತರಿಸೋಕೆ. ಮೊಲದ ಲೆಕ್ಕದಲ್ಲಿ ಆ ಎರಡು ಕೈ ಮೇಲಿಂದ ಬಂತು ಅಂದ್ರೆ ಮುಂದೆ ಆಗೋದೆಲ್ಲ ಬೇಡದ್ದೇ. ಅದು ಓಡದೆ ಇನ್ನೇನ್ ಮಾಡತ್ತೆ ಹೇಳಿ.

ನಮ್ಮನೇಲಿ ಇಬ್ರಿದಾರೆ. ಚುಕ್ಕಿ ಬಿಳಿ ಮೈಯೋಳು, ಅಲ್ಲಲ್ಲಿ ಕಪ್ಪು ಮಚ್ಚೆ, ಪಕ್ಕದ ರೂಮಲ್ಲಿ ಚಮಚ ಬಿದ್ರೂ ಮೊದಲು ಕಿವಿ ಆಮೇಲೆ ಇಡೀ ಮೈ ನಿಗುರಿಸಿ ನಿಂತ್ಕೊಳ್ತಾಳೆ. ಕರಿಯ ಹೆಸರಿಗೆ ತಕ್ಕಂಗೆ ಪೂರ್ತಿ ಕಪ್ಪು, ಉಗುರೂ ಕಪ್ಪು, ಧೈರ್ಯ ಜಾಸ್ತಿ ಆದ್ರೆ ಕಾಲು ಮಾತ್ರ ಮುಟ್ಟಂಗಿಲ್ಲ. ಇವರಿಬ್ರಿಂದಾನೇ ನಾನು ಕಲ್ತಿದ್ದು ಇದೆಲ್ಲ, ಜೊತೆಗೆ ಮೊಲಗಳನ್ನ ಚೆನ್ನಾಗಿ ನೋಡೋ ಡಾಕ್ಟ್ರು ಹೇಳಿಕೊಟ್ಟಿದ್ದು.

ಮೊದಲು ಮೊಲ ಯಾಕೆ ಹಾಗಾಡತ್ತೆ ಅಂತ ಗೊತ್ತಿದ್ರೆ ಅರ್ಧ ಸಿಟ್ಟು ಅಲ್ಲೇ ಇಳಿದು ಹೋಗತ್ತೆ. ನಾಯಿ ಬೆಕ್ಕು ಎರಡೂ ಬೇಟೆ ಆಡೋ ಜಾತಿ, ಮೊಲ ಬೇಟೆ ಆಗೋ ಜಾತಿ. ಕಾಡಲ್ಲಿ ಮೊಲದ ನಾಲ್ಕೂ ಕಾಲು ನೆಲ ಬಿಟ್ಟು ಮೇಲೆ ಹೋಯ್ತು ಅಂದ್ರೆ ಅದು ಹದ್ದಿನ ಉಗುರಲ್ಲೋ ನರಿ ಬಾಯಲ್ಲೋ ಇದೆ ಅಂತ ಅರ್ಥ. ನಾವು ಮುದ್ದು ಮಾಡೋಕೆ ಎತ್ತಿದ್ರೂ ಅದರ ಮೈಗೆ ಗೊತ್ತಿರೋದು ಆ ಒಂದೇ ಸಂಗತಿ. ಇನ್ನೊಂದು ಕಣ್ಣಿನ ವಿಷ್ಯ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿರೋದ್ರಿಂದ ಅದಕ್ಕೆ ಹಿಂದೆ, ಮೇಲೆ, ಪಕ್ಕ ಎಲ್ಲಾ ಹೆಚ್ಚುಕಮ್ಮಿ ಸುತ್ತಲೂ ಕಾಣತ್ತೆ, ಆದ್ರೆ ಸರಿಯಾಗಿ ಮೂಗಿನ ಮುಂದೆ ಮತ್ತೆ ಗದ್ದದ ಕೆಳಗೆ ಕಾಣಲ್ಲ. ತಿನ್ನೋ ಸೊಪ್ಪನ್ನೂ ಅದು ಮೀಸೆ ತುಟಿಯಿಂದ ಹುಡುಕಿ ತಿನ್ನತ್ತೆ. ನಾಯಿಗೆ ಮೂಸೋಕೆ ಕೈ ಕೊಟ್ಟ ಹಾಗೆ ಮೊಲದ ಮೂತಿ ಕೆಳಗೆ ಕೈ ತಂದ್ರೆ ಅದಕ್ಕೆ ಎಲ್ಲಿಂದಲೋ ಏನೋ ಬಂದು ತಗುಲಿದ ಹಾಗಾಗಿ ಬೆಚ್ಚಿ ಬೀಳತ್ತೆ, ಕೆಲವು ಕಚ್ಚೂ ಕಚ್ಚತ್ತೆ, ನಾವು ನಮ್ಮ ಮೊಲ ಕೋಪಿಷ್ಠ ಅಂತ ಹೇಳ್ಕೊಂಡು ಓಡಾಡ್ತೀವಿ. ಪಕ್ಕದಿಂದ, ಅದರ ಕಣ್ಣಿಗೆ ಕಾಣೋ ಹಾಗೆ ಕೈ ತಂದು ಹಣೆ ಮೇಲೆ ಇಟ್ಟು ನೋಡಿ, ವ್ಯತ್ಯಾಸ ಅವತ್ತೇ ಗೊತ್ತಾಗತ್ತೆ.

ಹೆದರಿಕೆಗಿಂತ ದೊಡ್ಡ ಅಪಾಯ ಮೂಳೇದು, ಇದನ್ನ ನಾನು ಎಲ್ರಿಗೂ ಒತ್ತಿ ಹೇಳ್ತೀನಿ. ಮೊಲದ ಅಸ್ಥಿಪಂಜರ ತುಂಬಾ ಹಗುರ, ಮೈ ತೂಕದ ಶೇ. 7-8 ಅಷ್ಟೇ, ಬೆಕ್ಕಿಗೆ ಅದು ಶೇ. 12-13 ಇರತ್ತೆ. ಆದ್ರೆ ಹಿಂಗಾಲಿನ ಸ್ನಾಯು ಮಾತ್ರ ಭಾರಿ ಗಟ್ಟಿ. ಮುಂದಿನ ಭಾಗ ಬಿಗಿಯಾಗಿ ಹಿಡ್ಕೊಂಡು ಹಿಂದಿನ ಭಾಗ ಜೋತಾಡೋಕೆ ಬಿಟ್ರೆ ಅದು ಬಿಡಿಸ್ಕೊಳ್ಳೋಕೆ ಜೋರಾಗಿ ಝಾಡಿಸಿ ಒದಿಯತ್ತೆ, ಆ ಒದೆತದ ಬಲಕ್ಕೆ ಅದರದ್ದೇ ಸೊಂಟದ ಹತ್ರ ಬೆನ್ನುಮೂಳೆ ಮುರಿಯಬಹುದು. ಬೀಳೋದೂ ಬೇಡ, ಯಾರೂ ಹೊಡೆಯೋದೂ ಬೇಡ, ಕೈಯಲ್ಲಿರುವಾಗಲೇ ಹಿಂಗಾಲು ಎರಡೂ ಸ್ವಾಧೀನ ತಪ್ಪಿ ಹೋಗತ್ತೆ. ಅದಕ್ಕೇ ಕಿವಿ ಹಿಡಿದು ಎತ್ತೋದು, ಕತ್ತಿನ ಚರ್ಮ ಹಿಡಿದು ಎತ್ತೋದು ಇವೆರಡನ್ನ ಯಾರು ಮಾಡಿದ್ರೂ ತಡೀರಿ, ಮುಲಾಜು ನೋಡ್ಬೇಡಿ, ಮನೆಗೆ ಬಂದ ನೆಂಟ್ರಾದ್ರೂ ಸರಿ.

ಸರಿ, ಈಗ ಅಭ್ಯಾಸದ ವಿಷ್ಯ. ಶುರು ಮಾಡೋದು ನೆಲದ ಮೇಲೆ, ಮೊಲನ ಎತ್ತದೇ. ಅದು ಓಡಾಡೋ ಜಾಗದಲ್ಲಿ ಸುಮ್ನೆ ಕಾಲು ಚಾಚಿ ಕೂತ್ಕೊಳ್ಳಿ, ಮೊಬೈಲ್ ನೋಡ್ತೀರೋ ಪುಸ್ತಕ ಓದ್ತೀರೋ ನಿಮಗೆ ಬಿಟ್ಟಿದ್ದು, ಮೊಲನ ಮಾತ್ರ ಕರೀಬೇಡಿ ಹಿಂದೆ ಹೋಗ್ಬೇಡಿ. ಅದೇ ಬಂದು ಮೂಸತ್ತೆ, ಬಟ್ಟೆ ಎಳೆಯತ್ತೆ, ಗದ್ದ ಉಜ್ಜತ್ತೆ (ಗದ್ದದ ಕೆಳಗೆ ವಾಸನೆ ಗ್ರಂಥಿ ಇರತ್ತೆ, ಉಜ್ಜಿದ್ರೆ ಇದು ನಂದು ಅಂತ ಗುರುತು ಹಾಕ್ಕೊಂಡ ಹಾಗೆ), ಕಾಲು ಹತ್ತಿ ಇಳಿಯತ್ತೆ. ಆ ಸಮಯದಲ್ಲಿ ಆಸೆಯಾಗಿ ಹಿಡ್ಕೊಳ್ಳೋಕೆ ಹೋಗ್ಬಾರ್ದು, ಎಷ್ಟೇ ಮುದ್ದು ಬಂದ್ರೂ ಸರಿ. ಬಂದ್ರೂ ಹಿಡಿಯಲ್ಲ ಅನ್ನೋದು ಅದಕ್ಕೆ ಖಾತ್ರಿ ಆಗ್ಬೇಕು, ಆಮೇಲೆ ತಾನೇ ಬಂದು ಪಕ್ಕದಲ್ಲಿ ಮಲಗತ್ತೆ.

ಮುಟ್ಟೋದು ಹಣೆಯಿಂದ ಶುರು, ಅಲ್ಲಿಂದ ಕೆನ್ನೆ, ಕಿವಿ ಬುಡ, ಭುಜ. ಹೆಚ್ಚಿನ ಮೊಲಕ್ಕೆ ಹಣೆ ಕೆನ್ನೆ ಸವರಿದ್ರೆ ಪ್ರಾಣ, ತಲೆ ನೆಲಕ್ಕೆ ಹಚ್ಚಿ ಕಣ್ಣು ಅರೆ ಮುಚ್ಚಿ ಹಲ್ಲನ್ನ ಮೆತ್ತಗೆ ಟಿಕ್ ಟಿಕ್ ಅಂತ ಕಡಿಯತ್ತೆ, ಕೆನ್ನೆ ಮೇಲೆ ಬೆರಳಿಟ್ರೆ ಆ ಕಂಪನ ಕೈಗೆ ಗೊತ್ತಾಗತ್ತೆ. ಅದು ಖುಷಿಯ ಸದ್ದು. ಜೋರಾಗಿ ಕರಕರ ಅಂತ ಹಲ್ಲು ಕಡಿದು ಮೈ ಮುದುರಿ ಕೂತಿದ್ರೆ ಅದು ನೋವಿನ ಸದ್ದು, ಎರಡನ್ನೂ ಗೊಂದಲ ಮಾಡ್ಕೋಬೇಡಿ. ಭುಜದ ತನಕ ಆರಾಮಾಗಿ ಬಿಟ್ಕೊಂಡ್ರೆ ಮುಂಗಾಲಿನ ಮೇಲ್ಭಾಗ ಸವರಿ, ಕೈ ತೆಗೀರಿ, ಒಂದು ಎಲೆ ಕೊತ್ತಂಬರಿ ಕೊಡಿ. ಮಾರನೇ ದಿನ ಸ್ವಲ್ಪ ಕೆಳಗೆ. ಅದರ ಮಾರನೇ ದಿನ ಪಾದದ ಮೇಲೆ ಬೆರಳಿಟ್ಟು ಸುಮ್ನಿರಿ. ಕಾಲು ಎಳ್ಕೊಂಡ್ರೆ ಎಳ್ಕೊಳ್ಳೋಕೆ ಬಿಡಿ, ಹಿಂದೆ ಬೆನ್ನಟ್ಟಿ ಹಿಡೀಬೇಡಿ. ಬೇಡ ಅಂದ್ರೆ ಇವರು ಬಿಡ್ತಾರೆ ಅಂತ ಗೊತ್ತಿರೋ ಮೊಲ ಬೇಡ ಅನ್ನೋದನ್ನೇ ಕಮ್ಮಿ ಮಾಡತ್ತೆ, ನಂಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಚುಕ್ಕಿ ಮುಂಗಾಲಿನ ವಿಷ್ಯ ಹೇಳ್ತೀನಿ. ಅವಳು ಉದ್ದಕ್ಕೆ ಮಲಗಿದ್ದಾಗ ಮುಂಗಾಲು ಎರಡೂ ಮುಂದಕ್ಕೆ ಚಾಚಿರತ್ತೆ. ನಾನು ಎಡಗೈಯಲ್ಲಿ ಹಣೆ ಸವರ್ತಾ ಬಲಗೈ ತೋರುಬೆರಳನ್ನ ಅವಳ ಪಾದದ ಕೆಳಗೆ ತೂರಿಸ್ತೀನಿ, ಎತ್ತಲ್ಲ, ಸುಮ್ನೆ ಕೆಳಗಿಡೋದು, ಅವಳ ಕಾಲಿನ ಭಾರ ನನ್ನ ಬೆರಳ ಮೇಲೆ. ಮೊದಮೊದಲು ಬೆರಳು ತಗುಲಿದ ತಕ್ಷಣ ಬೆರಳುಗಳನ್ನೆಲ್ಲ ಮುದುರಿ ಕಾಲು ಎದೆ ಕೆಳಗೆ ಎಳ್ಕೊಳ್ಳೋಳು. ಬರಬರ್ತಾ ಮುದುರೋದು ನಿಂತು ಕಿವಿ ಮಾತ್ರ ನನ್ನ ಕಡೆ ತಿರುಗಿಸೋಳು. ಆಮೇಲೆ ಕಿವೀನೂ ತಿರುಗಿಸ್ಲಿಲ್ಲ. ಆವಾಗ ಹೆಬ್ಬೆರಳನ್ನ ಮೇಲೆ ತಂದು ಒಂದೊಂದೇ ಬೆರಳನ್ನ ರೋಮದಿಂದ ಬಿಡಿಸಿ ಉಗುರು ಹಿಡ್ಕೊಂಡು ಬಿಡೋದು, ಹಿಡ್ಕೊಂಡು ಬಿಡೋದು. ಕಟರ್ ಇನ್ನೂ ಡ್ರಾಯರ್‌ನಲ್ಲೇ ಇದೆ ಇಷ್ಟು ಹೊತ್ತಿಗೂ. ಇಷ್ಟಾಗೋಕೆ ಕೆಲವು ಮೊಲಕ್ಕೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಟ್ಟಲೆ ಬೇಕು, ಕರಿಯನ ಹಿಂಗಾಲಿಗಂತೂ ಈಗ್ಲೂ ಪ್ರತಿ ಸಲ ಒಂದು ಸಣ್ಣ ಮಾತುಕತೆ ಇದ್ದೇ ಇರತ್ತೆ.

ಕಟರ್‌ನೂ ಹಂಗೇ ಪರಿಚಯ ಮಾಡಿಸ್ಬೇಕು. ಒಣ ಹುಲ್ಲು ತಿನ್ನೋ ಜಾಗದ ಪಕ್ಕ ಇಟ್ಟುಬಿಡಿ (ನೀವು ಅಲ್ಲೇ ಕೂತಿರಿ, ಬಿಟ್ಟು ಎದ್ದು ಹೋಗ್ಬೇಡಿ, ಸಿಕ್ಕಿದ್ದನ್ನೆಲ್ಲ ಕಡಿಯೋ ಪ್ರಾಣಿ), ಮೂಸಿ ನೋಡ್ಲಿ. ಆಮೇಲೆ ಒಂದು ಗಟ್ಟಿ ಹುಲ್ಲಿನ ಕಡ್ಡಿ ತಗೊಂಡು ಅದರ ಎದುರಿಗೆ ಕಟರ್‌ನಲ್ಲಿ ಕಟ್ ಅಂತ ಕತ್ತರಿಸಿ, ತುಂಡನ್ನ ಅದಕ್ಕೇ ತಿನ್ನೋಕೆ ಕೊಡಿ. ಆ ಸದ್ದು ಆದ್ರೆ ಏನೋ ತಿನ್ನೋಕೆ ಬರತ್ತೆ ಅಂತ ತಲೆಗೆ ಹೋಗತ್ತೆ. ಚುಕ್ಕಿ ಬೆದರೋದು ಜಾಸ್ತಿ ಸದ್ದಿಗೇ ಆದ್ರಿಂದ ನಮ್ಮನೇಲಿ ಇದು ತುಂಬಾ ಕೆಲಸಕ್ಕೆ ಬಂತು. ಆಮೇಲೆ ಕಟರ್‌ನ ಬರೀ ಉಗುರಿಗೆ ತಾಗಿಸಿ ತೆಗೆಯೋದು, ಕತ್ತರಿಸೋದಿಲ್ಲ. ತಿಂಡಿ ಕೊಡೋದು ಮುಟ್ಟಿದ ಕೂಡ್ಲೇ ಆಗ್ಬೇಕು, ಎದ್ದು ಹೋಗಿ ಫ್ರಿಜ್‌ನಿಂದ ತಂದು ಕೊಟ್ರೆ ಯಾವುದಕ್ಕೆ ಕೊಟ್ರು ಅಂತ ಅದಕ್ಕೆ ಗೊತ್ತಾಗಲ್ಲ. ಬಾಳೆಹಣ್ಣು ಕ್ಯಾರೆಟ್ ಎಲ್ಲಾ ಸಿಹಿ ಜಾಸ್ತಿ, ಕೊಟ್ರೂ ಉಗುರಿನಷ್ಟು ಸಣ್ಣ ಚೂರು ಸಾಕು, ದಿನಾ ಸಿಹಿ ತಿಂದ್ರೆ ಹೊಟ್ಟೆ ಕೆಡತ್ತೆ.

ಎತ್ತೋದು ಇದೆಲ್ಲ ಆದ್ಮೇಲಿನ ಮಾತು. ಒಂದು ಕೈ ಎದೆ ಕೆಳಗೆ, ಮುಂಗಾಲಿನ ಹಿಂದುಗಡೆ, ಇನ್ನೊಂದು ಕೈ ಹಿಂಭಾಗ ಪೂರ್ತಿ ಕುಂಡಿ ಕೆಳಗೆ. ಎರಡೂ ಕೈ ಒಟ್ಟಿಗೆ ಏಳ್ಬೇಕು, ಎದ್ದ ತಕ್ಷಣ ನಿಮ್ಮ ಮೈಗೆ ಒತ್ತಿ ಹಿಡ್ಕೊಳ್ಳಿ, ಗಾಳಿಯಲ್ಲಿ ತೇಲೋ ಹಾಗೆ ದೂರ ಹಿಡೀಬೇಡಿ. ಮುಖ ನಿಮ್ಮ ಕಂಕುಳ ಕಡೆ ಹೋದ್ರೆ ಕತ್ತಲು ಸಿಕ್ಕಿ ಎಷ್ಟೋ ಮೊಲ ಸುಮ್ನಾಗತ್ತೆ. ನಾಲ್ಕು ಪಾದಕ್ಕೂ ಏನಾದ್ರೂ ಆಸರೆ ಸಿಗ್ತಿರ್ಬೇಕು, ನಿಮ್ಮ ತೋಳೋ ಹೊಟ್ಟೆಯೋ, ಕಾಲಿಗೆ ಆಸರೆ ಸಿಕ್ಕಿದ ಮೊಲ ಒದಿಯೋದೇ ಕಮ್ಮಿ. ಕೂತ್ಕೊಂಡೇ ಎತ್ತಿ, ನೆಲದಿಂದ ಒಂದು ಗೇಣು ಎತ್ತಿ ಇಳಿಸಿ, ಅಷ್ಟು ಸಾಕು. ಇಳಿಸುವಾಗ ತುಂಬಾ ಜನ ನೆಲ ಹತ್ರ ಬಂತು ಅಂತ ಹಿಡಿತ ಸಡಿಲ ಮಾಡ್ತಾರೆ, ಮೊಲ ಹಾರೋದು ಸರಿಯಾಗಿ ಆವಾಗ್ಲೇ, ನೆಲ ಕಂಡ ಕೂಡ್ಲೇ ಜಿಗಿಯತ್ತೆ. ಹಿಂಭಾಗ ಮೊದಲು ನೆಲಕ್ಕೆ ತಾಗ್ಲಿ, ಮುಖ ನಿಮ್ಮ ಕಡೇನೇ ಇರ್ಲಿ, ನಾಲ್ಕೂ ಕಾಲು ಊರಿದ ಮೇಲೆ ಒಂದು ಕ್ಷಣ ಹಾಗೇ ಹಿಡ್ಕೊಂಡಿದ್ದು ಬಿಡಿ. ಮಕ್ಕಳಿಗೆ ನಿಂತ್ಕೊಂಡು ಎತ್ತೋಕೆ ಕೊಡ್ಲೇಬೇಡಿ. ನೆಲದ ಮೇಲೆ ಕೂತು ತೊಡೆ ಮೇಲೆ ಇಟ್ಕೊಳ್ಲಿ, ದೊಡ್ಡೋರು ಪಕ್ಕದಲ್ಲಿರ್ಲಿ.

ಇಲ್ಲಿ ಒಂದು ವಿಷ್ಯ ಖಡಾಖಂಡಿತವಾಗಿ ಹೇಳ್ಬೇಕು. ಮೊಲನ ಅಂಗಾತ ಮಲಗಿಸಿ ಹೊಟ್ಟೆ ಸವರಿದ್ರೆ ಅಲ್ಲಾಡದೆ ಮಲಗಿಬಿಡತ್ತೆ, ಆವಾಗ ಉಗುರು ಕತ್ತರಿಸೋದು ಸುಲಭ, ನೋಡಿ ಹೇಗೆ ನಿದ್ದೆ ಹೋಯ್ತು ಅಂತ ವಿಡಿಯೋ ಹಾಕ್ತಾರೆ. ಅದು ನಿದ್ದೆ ಅಲ್ಲ. ಬೇಟೆಗಾರನ ಬಾಯಿಗೆ ಸಿಕ್ಕಾಗ ಸತ್ತ ಹಾಗೆ ಬಿದ್ದಿರೋ ಸ್ವಭಾವ ಅದು, ಭಯದ ಕೊನೇ ಹಂತ. ಮೇಲ್ನೋಟಕ್ಕೆ ಶಾಂತವಾಗಿ ಕಾಣತ್ತೆ, ಒಳಗೆ ಒತ್ತಡದ ಹಾರ್ಮೋನ್ ಏರಿರತ್ತೆ ಅಂತ ಮೊಲಗಳನ್ನ ಪರೀಕ್ಷೆ ಮಾಡಿ ನೋಡಿದೋರು ಕಂಡುಕೊಂಡಿದಾರೆ. ಸಾಲದ್ದಕ್ಕೆ ಯಾವ ಕ್ಷಣದಲ್ಲಿ ಎಚ್ಚರ ಆಗಿ ಝಾಡಿಸಿ ಒದಿಯತ್ತೆ ಅಂತ ಹೇಳೋಕಾಗಲ್ಲ, ಬೆನ್ನುಮೂಳೆ ಕಥೆ ಮೇಲೆ ಹೇಳಿದೀನಲ್ಲ. ಐದು ನಿಮಿಷದ ಅನುಕೂಲಕ್ಕೆ ನಂಬಿಕೊಂಡು ಬಂದಿರೋ ಜೀವನ ಅಷ್ಟು ಹೆದರಿಸೋದು ನಂಗೆ ಸರಿ ಕಾಣಲ್ಲ, ನಾನು ಮಾಡಲ್ಲ, ಯಾರಿಗೂ ಮಾಡಿ ಅಂತ ಹೇಳೋದೂ ಇಲ್ಲ.

ಇನ್ನು ಉಗುರು. ಒಟ್ಟು 18 ಇರತ್ತೆ, ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಮುಂಗಾಲಿನ ಐದನೇದು ಹೆಬ್ಬೆರಳಿನ ಉಗುರು, ಒಳಗಡೆ ಬದಿಯಲ್ಲಿ ಸ್ವಲ್ಪ ಮೇಲಕ್ಕೆ ರೋಮದಲ್ಲಿ ಅಡಗಿರತ್ತೆ. ಅದು ನೆಲಕ್ಕೆ ತಾಗದೇ ಇರೋದ್ರಿಂದ ಸವೆಯೋದೇ ಇಲ್ಲ, ಎಲ್ಲರೂ ಮರೆಯೋದೂ ಅದನ್ನೇ, ಬಿಟ್ರೆ ಸುತ್ತಿಕೊಂಡು ಬೆಳೆದು ಬಟ್ಟೆಗೆ ಸಿಕ್ಕಿ ಕಿತ್ತು ಬರೋದು ಅಥವಾ ಚರ್ಮಕ್ಕೆ ಚುಚ್ಚೋದು ಆಗತ್ತೆ. ಹಾಗಾಗಿ ನಾನು ಯಾವಾಗ್ಲೂ ಹೆಬ್ಬೆರಳಿಂದಾನೇ ಶುರು ಮಾಡ್ತೀನಿ. ಕಾಡು ಮೊಲ ದಿನಾ ಮಣ್ಣು ಅಗೆದು ಕಲ್ಲು ನೆಲದ ಮೇಲೆ ಓಡಿ ಉಗುರು ತಾನೇ ಸವೆಸ್ಕೊಳ್ಳತ್ತೆ, ಮನೆ ಒಳಗಿನ ಟೈಲ್ಸು ಕಾರ್ಪೆಟ್ಟಲ್ಲಿ ಆ ಕೆಲಸ ಆಗಲ್ಲ. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಂದ್ಸಲ ಕತ್ತರಿಸ್ಬೇಕಾಗತ್ತೆ, ಆದ್ರೆ ಕ್ಯಾಲೆಂಡರ್‌ಗಿಂತ ಕಾಲು ನೋಡೋದು ಒಳ್ಳೇದು. ಮೊಲ ಸಮತಟ್ಟು ನೆಲದಲ್ಲಿ ನಿಂತಾಗ ಉಗುರು ಪಾದದ ರೋಮ ದಾಟಿ ತುಂಬಾ ಮುಂದೆ ಬಂದಿದ್ಯಾ, ಪಕ್ಕಕ್ಕೆ ತಿರುಗಿದ್ಯಾ, ಓಡಾಡುವಾಗ ಟಕ ಟಕ ಸದ್ದು ಬರ್ತಿದ್ಯಾ, ಇಷ್ಟು ನೋಡಿದ್ರೆ ಸಾಕು.

ಉದ್ದ ಉಗುರು ಬರೀ ಪರಚೋ ತೊಂದರೆ ಅಂದ್ಕೋಬೇಡಿ. ನಾಯಿ ಬೆಕ್ಕಿಗಿರೋ ಹಾಗೆ ಮೊಲದ ಪಾದದಲ್ಲಿ ಮೆತ್ತನೆ ದಿಂಬಿನಂಥ ಭಾಗ ಇರಲ್ಲ, ಬರೀ ರೋಮ, ಅದರ ಕೆಳಗೆ ತೆಳು ಚರ್ಮ. ಉಗುರು ಉದ್ದ ಆದ್ರೆ ಬೆರಳು ಮೇಲಕ್ಕೆತ್ತಿ ಮೈ ಭಾರ ಎಲ್ಲ ಹಿಂದಕ್ಕೆ ಹಿಮ್ಮಡಿ ಮೇಲೆ ಬೀಳತ್ತೆ, ಅಲ್ಲಿ ರೋಮ ಉದುರಿ ಚರ್ಮ ಕೆಂಪಾಗಿ ಹುಣ್ಣಾಗತ್ತೆ. ತೂಕ ಜಾಸ್ತಿ ಇರೋ ಮೊಲಕ್ಕೆ, ತಂತಿ ಜಾಲರಿ ನೆಲದ ಗೂಡಲ್ಲಿರೋ ಮೊಲಕ್ಕೆ, ಒದ್ದೆ ಜಾಗದಲ್ಲಿರೋ ಮೊಲಕ್ಕೆ ಇದು ಇನ್ನೂ ಬೇಗ ಬರತ್ತೆ, ಬಂದ್ರೆ ವಾಸಿ ಮಾಡೋದು ಸುಲಭ ಇಲ್ಲ. ಪ್ರತಿ ಸಲ ಉಗುರು ಕತ್ತರಿಸುವಾಗ ಹಿಂಗಾಲು ತಿರುಗಿಸಿ ಹಿಮ್ಮಡಿ ಮೇಲೊಂದು ಕಣ್ಣಾಡಿಸಿ.

ಉಗುರೊಳಗೆ ಮೇಣದಬತ್ತಿಯೊಳಗಿನ ಬತ್ತಿ ಥರ ರಕ್ತನಾಳ ಮತ್ತೆ ನರ ಇರತ್ತೆ, ತುದಿ ತನಕ ಬಂದಿರಲ್ಲ. ಬಿಳಿ ಉಗುರಲ್ಲಿ ಅದು ಗುಲಾಬಿ ಬಣ್ಣದಲ್ಲಿ ಸ್ಪಷ್ಟ ಕಾಣತ್ತೆ, ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದೆ ಕತ್ತರಿಸಿದ್ರೆ ನೋವೂ ಇಲ್ಲ ರಕ್ತವೂ ಇಲ್ಲ. ಕಷ್ಟ ಇರೋದು ಕರಿಯನಂಥ ಕಪ್ಪು ಉಗುರಲ್ಲಿ. ಮಂದ ಬೆಳಕಿನ ರೂಮಲ್ಲಿ ಸಣ್ಣ ಟಾರ್ಚನ್ನ ಉಗುರಿನ ಕೆಳಗೆ ತಾಗಿಸಿ ಹಿಡಿದ್ರೆ ತುದಿ ಭಾಗ ಸ್ವಲ್ಪ ತಿಳಿಯಾಗಿ, ರಕ್ತನಾಳ ಇರೋ ಭಾಗ ದಟ್ಟವಾಗಿ ಕಾಣತ್ತೆ, ಮೊಬೈಲ್ ಟಾರ್ಚೂ ನಡಿಯತ್ತೆ, ಆದ್ರೆ ಬೆಳಕು ಕಣ್ಣಿಗೆ ಹೊಡೀದ ಹಾಗೆ ನೋಡ್ಕೊಳ್ಳಿ. ಅದರಲ್ಲೂ ಗೊತ್ತಾಗ್ಲಿಲ್ಲ ಅಂದ್ರೆ ತುದಿಯ ಚೂಪು ಮಾತ್ರ ತೆಗೀರಿ, ಎರಡು ವಾರ ಬಿಟ್ಟು ಮತ್ತೆ ಅಷ್ಟೇ ತೆಗೀರಿ. ಇದಕ್ಕೆ ಇನ್ನೊಂದು ಲಾಭ ಇದೆ, ಆಗಾಗ ಸ್ವಲ್ಪ ಸ್ವಲ್ಪ ಕತ್ತರಿಸ್ತಿದ್ರೆ ಒಳಗಿನ ರಕ್ತನಾಳವೂ ನಿಧಾನಕ್ಕೆ ಹಿಂದೆ ಸರಿಯತ್ತೆ, ತುಂಬಾ ದಿನ ಬಿಟ್ಟ ಉಗುರನ್ನ ಗಿಡ್ಡ ಮಾಡೋಕೆ ಇದೇ ದಾರಿ. ಇನ್ನೊಂದು ಉಪಾಯ ನಮ್ಮ ಡಾಕ್ಟ್ರು ಹೇಳಿದ್ದು, ಕತ್ತರಿಸೋ ಮುಂಚೆ ಕಟರ್‌ನಿಂದ ಆ ಜಾಗನ ಮೆತ್ತಗೆ ಒಂದ್ಸಲ ಅದುಮಿ, ಮೊಲ ತಕ್ಷಣ ಕಾಲು ಎಳ್ಕೊಂಡ್ರೆ ನೀವು ನರದ ಮೇಲಿದೀರ ಅಂತ, ಇನ್ನೂ ತುದಿಗೆ ಸರೀರಿ. ಏನೂ ಮಾಡ್ಲಿಲ್ಲ ಅಂದ್ರೆ ತಡ ಮಾಡದೆ ಕಟ್.

ಕಟರ್ ಯಾವುದು ಅಂತ ಕೇಳ್ತಾರೆ. ಬೆಕ್ಕಿಗೆ ಅಂತ ಸಿಗೋ ಸಣ್ಣ ಕತ್ತರಿ ಥರದ್ದು, ಬಾಯಿ ಹತ್ರ ಅರ್ಧಚಂದ್ರದ ತಗ್ಗು ಇರತ್ತೆ, ಅದು ನಂಗೆ ಸರಿ ಹೋಗಿದೆ. ಮನುಷ್ಯರ ನೈಲ್ ಕಟರ್ ನಮ್ಮ ಚಪ್ಪಟೆ ಉಗುರಿಗೆ ಮಾಡಿರೋದು, ಮೊಲದ ದುಂಡನೆ ಉಗುರನ್ನ ಜಜ್ಜಿ ಸೀಳಿಬಿಡತ್ತೆ. ಮೊಂಡಾದ ಕಟರೂ ಅಷ್ಟೇ, ಎಳೆದು ಎಳೆದು ಕತ್ತರಿಸಿದ್ರೆ ಒಂದ್ಸಲಕ್ಕೇ ಮೊಲಕ್ಕೆ ಸಾಕಾಗಿ ಹೋಗತ್ತೆ.

ಹಿಡಿಯೋದು ಹೇಗೆ ಅನ್ನೋದಕ್ಕೆ ಈಗ ಬರ್ತೀನಿ. ಚುಕ್ಕಿಗೆ ಹಿಡಿಯೋದೇ ಬೇಡ, ನೆಲದ ಮೇಲೆ ಮಲಗಿದ್ದಾಗ ಹಣೆ ಸವರ್ತಾ ಮುಂಗಾಲು ಮುಗಿಸ್ತೀನಿ, ಹಿಂಗಾಲು ಇನ್ನೊಂದು ದಿನ. ಹೌದು, ಎಲ್ಲಾ 18 ಉಗುರು ಒಂದೇ ಸಲ ಕತ್ತರಿಸ್ಬೇಕು ಅಂತ ಯಾರು ಹೇಳಿದ್ದು, ದಿನಕ್ಕೆ ಎರಡು ಮೂರು ಮಾಡಿದ್ರೂ ವಾರದಲ್ಲಿ ಮುಗಿಯತ್ತೆ, ಮೊಲಕ್ಕೂ ದೊಡ್ಡ ವಿಷ್ಯ ಅನ್ಸಲ್ಲ. ಕರಿಯನಿಗೆ ಇಬ್ಬರು ಬೇಕು. ನಮ್ಮನೆಯವರು ನೆಲದ ಮೇಲೆ ಕೂತು ಅವನ ಬೆನ್ನು ತಮ್ಮ ಹೊಟ್ಟೆಗೆ ತಾಗೋ ಹಾಗೆ ತೊಡೆ ಮೇಲೆ ಕೂರಿಸ್ಕೊಂಡು ಒಂದು ಕೈ ಎದೆಗೆ ಒಂದು ಕೈ ಹಿಂಭಾಗಕ್ಕೆ ಕೊಡ್ತಾರೆ, ನಾನು ಒಂದೊಂದೇ ಕಾಲು ಹೊರಗೆ ತಗೊಂಡು ಕತ್ತರಿಸ್ತೀನಿ. ಕಾಲು ಅದು ಸಹಜವಾಗಿ ಮಡಿಚೋ ದಿಕ್ಕಲ್ಲೇ ಇರ್ಬೇಕು, ಪಕ್ಕಕ್ಕೆ ಅಗಲಿಸಿ ಎಳೀಬಾರ್ದು, ಎಳೆದಷ್ಟೂ ಒದಿಯತ್ತೆ. ಟೇಬಲ್ ಮೇಲೆ ಇಡೋದಾದ್ರೆ ಕೆಳಗೆ ಜಾರದ ಮ್ಯಾಟ್ ಹಾಕಿ, ಕಾಲು ಜಾರ್ತಿದ್ರೆ ಮೊಲಕ್ಕೆ ದಿಗಿಲು, ಒಂದು ಕ್ಷಣವೂ ಕೈ ತೆಗೀಬೇಡಿ.

ತುಂಬಾ ಒದ್ದಾಡೋ ಮೊಲಕ್ಕೆ ಟವೆಲ್ ಸುತ್ತೋದು ಒಳ್ಳೇ ವಿಧಾನ. ಟವೆಲ್ ಹಾಸಿ ಮಧ್ಯ ಮೊಲನ ಕೂರಿಸಿ ಎರಡೂ ಬದಿ ಮೇಲೆ ತಂದು ಮೈ ಸುತ್ತ ಬಿಗಿಯಾಗಿ ಆದ್ರೆ ಉಸಿರಾಟಕ್ಕೆ ಅಡ್ಡಿ ಆಗದ ಹಾಗೆ ಸುತ್ತಿ, ತಲೆ ಹೊರಗಿರ್ಲಿ, ಒಂದೊಂದೇ ಕಾಲು ಆಚೆ ತಗೀರಿ. ಮೊಲ ಮೂಗಿಂದಾನೇ ಉಸಿರಾಡೋ ಪ್ರಾಣಿ, ಮೂಗು ಮುಚ್ಚಿದ್ರೆ ಬಾಯಲ್ಲಿ ಉಸಿರಾಡ್ತೀನಿ ಅನ್ನೋದು ಅದಕ್ಕೆ ಆಗಲ್ಲ, ಹಾಗಾಗಿ ಮೂಗಿನ ಹತ್ರ ಬಟ್ಟೆ ಬರಲೇಬಾರ್ದು. ಸೆಕೆ ಇರೋ ಹೊತ್ತಲ್ಲಿ ಸುತ್ತಿ ತುಂಬಾ ಹೊತ್ತು ಇಡ್ಬೇಡಿ, ಮೊಲ ನಮ್ಮ ಹಾಗೆ ಬೆವರಲ್ಲ, ಮೈ ಬಿಸಿ ಜಾಸ್ತಿ ಕಿವಿಯಿಂದಾನೇ ಹೊರಗೆ ಹೋಗೋದು. ಕಿವಿ ಕೆಂಪಾಗಿ ಬಿಸಿ ಆದ್ರೆ, ಉಸಿರು ಜೋರಾದ್ರೆ, ಕಣ್ಣಿನ ಬಿಳಿ ಭಾಗ ಕಾಣೋಷ್ಟು ಕಣ್ಣು ಬಿಟ್ರೆ ಅಲ್ಲಿಗೆ ನಿಲ್ಲಿಸಿ ಬಿಡಿ. ಇನ್ನೆರಡೇ ಉಗುರು ಇದೆ ಮುಗಿಸಿಬಿಡೋಣ ಅಂತ ಎಲ್ರಿಗೂ ಅನ್ಸತ್ತೆ, ಆ ಎರಡು ಉಗುರು ನಾಳೆಗೂ ಅಲ್ಲೇ ಇರತ್ತೆ.

ರಕ್ತ ಬಂದ್ರೆ ಗಾಬರಿ ಬೇಡ. ಸ್ಟಿಪ್ಟಿಕ್ ಪೌಡರ್ (ರಕ್ತ ನಿಲ್ಲಿಸೋ ಪುಡಿ) ಇದ್ರೆ ಒಂದು ಚಿಟಿಕೆ ತುದಿಗೆ ಒತ್ತಿ, ಇಲ್ಲಾಂದ್ರೆ ಅಡುಗೆಮನೆಯ ಕಾರ್ನ್‌ಫ್ಲೋರ್ ಆದ್ರೂ ಆಗತ್ತೆ, ಶುದ್ಧ ಬಟ್ಟೆಯಲ್ಲಿ ಕೆಲವು ನಿಮಿಷ ಬಿಡದೇ ಅದುಮಿ ಹಿಡೀರಿ. ನಿಂತ್ಯಾ ಅಂತ ಪದೇ ಪದೇ ತೆಗೆದು ನೋಡಿದ್ರೆ ಹೆಪ್ಪುಗಟ್ಟಲ್ಲ. ಇದನ್ನೆಲ್ಲ ಕಟರ್ ಜೊತೇಲೇ ಮೊದಲೇ ಎತ್ತಿಟ್ಕೊಳ್ಳಿ, ಮೊಲ ಕೈಯಲ್ಲಿಟ್ಕೊಂಡು ಡಬ್ಬ ಹುಡುಕೋ ಹಾಗಾಗ್ಬಾರ್ದು. ಬಿಳಿ ರೋಮದ ಮೇಲೆ ಎರಡು ಹನಿ ರಕ್ತವೂ ಬಹಳ ಕಾಣತ್ತೆ, ನೋಡೋಕೆ ಭಯ ಆಗತ್ತೆ, ಹೆಚ್ಚಾಗಿ ಬೇಗ ನಿಂತು ಹೋಗತ್ತೆ. ಹತ್ತು ಹದಿನೈದು ನಿಮಿಷ ಅದುಮಿ ಹಿಡಿದ್ರೂ ನಿಲ್ಲದೇ ಇದ್ರೆ, ಉಗುರು ಬುಡದಿಂದಾನೇ ಕಿತ್ತು ಬಂದಿದ್ರೆ ಡಾಕ್ಟ್ರ ಹತ್ರ ಹೋಗಿ.

ಮುಗಿದ ಮೇಲೆ ಚುಕ್ಕಿ ಹಿಂಗಾಲಿಂದ ನೆಲಕ್ಕೆ ಧಪ್ ಅಂತ ಒದ್ದು ಬೆನ್ನು ತಿರುಗಿಸಿ ಕೂರ್ತಾಳೆ, ಪಾದ ಝಾಡಿಸ್ಕೊಂಡು ಹೋಗ್ತಾಳೆ, ಇರ್ಲಿ, ಸ್ವಲ್ಪ ಹೊತ್ತಿಗೆ ಬಂದು ಹುಲ್ಲು ತಿಂದ್ರೆ ಎಲ್ಲ ಸರಿ ಇದೆ ಅಂತ. ನಾನು ಗಮನಿಸೋದು ಆ ತಿನ್ನೋದನ್ನೇ. ಮೊಲದ ಹೊಟ್ಟೆ ಯಾವಾಗ್ಲೂ ಚಲಿಸ್ತಾ ಇರ್ಬೇಕು, ವಿಪರೀತ ಹೆದರಿಕೆಗೂ ನೋವಿಗೂ ಅದು ನಿಂತು ಹೋಗಬಹುದು. ಉಗುರು ಕತ್ತರಿಸಿದ ಮೇಲೆ ಒಣ ಹುಲ್ಲು ಮುಂದಿಡಿ, ಹಿಕ್ಕೆ ಎಂದಿನ ಹಾಗೆ ದುಂಡಗೆ ಬೀಳ್ತಿದ್ಯಾ ನೋಡಿ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ ಹಿಕ್ಕೆನೂ ಹಾಕದೆ ಮುದುರಿ ಕೂತಿದ್ರೆ ಬೆಳಗ್ಗೆ ನೋಡೋಣ ಅಂತ ಬಿಡೋ ವಿಷ್ಯ ಅಲ್ಲ, ತುರ್ತಾಗಿ ಡಾಕ್ಟ್ರಿಗೆ ತೋರಿಸ್ಬೇಕು.

ಎಷ್ಟು ಮಾಡಿದ್ರೂ ಒಗ್ಗದ ಮೊಲಗಳಿವೆ. ಹಿಂದೆ ಯಾರೋ ಒರಟಾಗಿ ಎತ್ತಿರ್ತಾರೆ, ಅದು ಮರೆಯಲ್ಲ. ಅಂಥದ್ದಕ್ಕೆ ಮೊಲ ಹಿಡಿದು ಅಭ್ಯಾಸ ಇರೋ ಡಾಕ್ಟ್ರ ಹತ್ರ ಕತ್ತರಿಸ್ಕೊಂಡು ಬರೋದು ಎಲ್ರಿಗೂ ಕ್ಷೇಮ, ಮನೇಲಿ ಹಣೆ ಸವರೋದು ಪಕ್ಕದಲ್ಲಿ ಕೂರೋದು ಮಾತ್ರ ನಿಲ್ಲಿಸ್ಬೇಡಿ. ಮೊದಲ ಸಲ ಕತ್ತರಿಸೋರೂ ಒಮ್ಮೆ ಅವರು ಮಾಡೋದನ್ನ ಹತ್ತಿರದಿಂದ ನೋಡಿ, ಎಷ್ಟು ಉದ್ದ ತೆಗೀತಾರೆ, ಕಾಲು ಹೇಗೆ ಹಿಡೀತಾರೆ ಅಂತ, ಕೇಳಿದ್ರೆ ಹೆಚ್ಚಿನೋರು ತೋರಿಸಿಕೊಡ್ತಾರೆ.

ಕೊನೇದಾಗಿ, ಇಷ್ಟು ದಿನ ಕಾಲು ಕೊಡ್ತಿದ್ದ ಮೊಲ ಇದ್ದಕ್ಕಿದ್ದ ಹಾಗೆ ಮುಟ್ಟೋಕೆ ಬಿಡ್ತಿಲ್ಲ ಅಂದ್ರೆ ಹಠ ಅಂತ ಬೈಬೇಡಿ. ಹಿಮ್ಮಡಿ ಹುಣ್ಣು, ಸೀಳಿದ ಉಗುರು, ಬೆರಳ ಸಂದಿಯಲ್ಲಿ ಸಿಕ್ಕ ಹುಲ್ಲಿನ ಕಡ್ಡಿ, ವಯಸ್ಸಾದ ಮೊಲಕ್ಕೆ ಕೀಲು ನೋವು, ಇದರಲ್ಲಿ ಏನೋ ಒಂದು ಇರತ್ತೆ. ಚುಕ್ಕಿ ಮೊನ್ನೆ ಎಡ ಹಿಂಗಾಲು ಮಾತ್ರ ಎಳ್ಕೊಳ್ತಿದ್ಲು, ಉಳಿದ ಮೂರು ಕಾಲು ಆರಾಮಾಗಿ ಕೊಟ್ಳು. ರೋಮ ಬಿಡಿಸಿ ನೋಡಿದ್ರೆ ಹಿಮ್ಮಡಿ ಮೇಲೆ ಕಾಳಿನಷ್ಟು ಜಾಗ ಬೋಳಾಗಿ ಕೆಂಪಾಗಿತ್ತು. ಡಾಕ್ಟ್ರು ನೋಡಿ ಇನ್ನೂ ಶುರುವಿನ ಹಂತ, ಮಲಗೋ ಜಾಗಕ್ಕೆ ದಪ್ಪ ಮೆತ್ತನೆ ಹಾಸು ಹಾಕಿ, ಒಣಗಿರ್ಲಿ, ತೂಕ ಏರದ ಹಾಗೆ ನೋಡ್ಕೊಳ್ಳಿ ಅಂದ್ರು. ಈಗ ಆ ಕಾಲಿನ ಉಗುರನ್ನ ಕೊನೆಗೆ ಇಟ್ಕೊಂಡಿದೀನಿ, ದಿನಾ ಒಂದ್ಸಲ ತಿರುಗಿಸಿ ನೋಡ್ತೀನಿ, ರೋಮ ಮತ್ತೆ ಬರ್ತಿದೆ.